ಕವರಿನ ಜಾತಿ

ನಮ್ಮ ಭಾವನಷ್ಟು ಜಾತಿ ನೋಡುವ ಮನುಷ್ಯ ಇಡೀ ದಾವಣಗೆರೆಯಲ್ಲಿ ಇನ್ನೊಬ್ಬನಿಲ್ಲ! ಗಾಬರಿಯಾಗಬೇಡಿ, ಅವರು ನೋಡುವುದು ಪ್ಲಾಸ್ಟಿಕ್ ಕವರಿನ ಜಾತಿ.

ಅಕ್ಕನ ಗಂಡ. ಹರಿಹರದಲ್ಲಿ ಕವರು ತಯಾರಿಸುವ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಈಗ ನಿಟ್ಟುವಳ್ಳಿಯ ಅಂಗಡಿಗಳಿಗೆಲ್ಲ ತಪಾಸಣಾಧಿಕಾರಿ. ನೇಮಿಸಿದವರು ಯಾರು? ಅವರೇ! ಪೊಟ್ಟಣವನ್ನು ಕಿವಿಗೆ ಹಿಡಿದು ಪರಪರ ಅನ್ನಿಸುತ್ತಾರೆ, ಬಿಸಿಲಿಗೆ ಎತ್ತಿ ನೋಡುತ್ತಾರೆ, ಒಳಮೈ ಬೆಳ್ಳಿಯಂತೆ ಹೊಳೆದರೆ ಮುಖ ಸಿಂಡರಿಸುತ್ತಾರೆ.

"ಮೂರು ಜಾತಿ ಪದರ ಸೇರಿಸಿ ಅಂಟಿಸ್ಯಾರ. ಇದನ್ನ ಕರಗಿಸಿ ಮತ್ತೆ ಕವರು ಮಾಡಾಕ ಬರಲ್ಲ. ಒಂದೇ ಜಾತಿದು ಕೊಡಪ್ಪಾ."

"ಯಜಮಾನ್ರೇ, ನೀವು ತಿನ್ನೋದು ಒಳಗಿನ ಚಿಪ್ಸೋ, ಮೇಲಿನ ಕವರೋ?" ಎನ್ನುತ್ತಾನೆ ಅಂಗಡಿಯವನು.

ಒಮ್ಮೆ ವಿದ್ಯಾನಗರದಲ್ಲಿ ನೆಂಟರ ಮದುವೆ. ಮೊದಲ ಪಂಕ್ತಿಯಲ್ಲಿ ಉಂಡೆದ್ದವರೆಲ್ಲ ಐಸ್‌ಕ್ರೀಮ್ ಕವರುಗಳನ್ನು ಕಂಡಲ್ಲಿ ಎಸೆಯುತ್ತಿದ್ದರು. ಭಾವ ನಮ್ಮ ಪಂಕ್ತಿಯ ನಡುವೆ ಎದ್ದು ನಿಂತು, "ಒಂದೇ ಜಾತಿಯವು ಈ ಕಡೆ, ಬೆರಕೆ ಆ ಕಡೆ!" ಎಂದು ಕೂಗಿಬಿಟ್ಟರು. ಬೀಗರ ಕಡೆಯ ನಾಲ್ವರು ಎಲೆ ಬಿಟ್ಟೆದ್ದರು! ಅದು ಕವರಿನ ಮಾತೆಂದು ತಿಳಿಸಿ ಅವರನ್ನು ಮತ್ತೆ ಕೂರಿಸುವಷ್ಟರಲ್ಲಿ ನನ್ನ ಸಾರು ಆರಿಹೋಗಿತ್ತು. ಒಂದು ಗಂಟೆಗೆ ಸರಿಯಾಗಿ ಉಂಡೇಳುವ ನನಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೇ?

ಹೋದ ವಾರ ಅವರ ಮಗಳು ನನ್ನ ಮನೆಗೆ ಬಂದಳು.

"ಮಾಮಾ, ಮಲೆಬೆನ್ನೂರಿನ ಹುಡುಗನ್ನ ಮೆಚ್ಚೀನಿ. ನಮ್ಮೋರಲ್ಲ. ಅಪ್ಪಾಜಿ ದಿನಾ 'ಒಂದೇ ಜಾತಿ ಇರ್ಬೇಕು' ಅಂತಾರ. ಕವರಿಗೇ ಹಿಂಗಾದ್ರೆ ಅಳಿಯನಿಗೆ ಹೆಂಗೆ? ಅವರು ಬ್ಯಾಡ ಅಂದ್ರೆ ನಾನು ಮದುವೇನೇ ಆಗಲ್ಲ."

ಮರುದಿನ ಬೆಳಿಗ್ಗೆ ಏಳಕ್ಕೆ ನಿಟ್ಟುವಳ್ಳಿಯಲ್ಲಿದ್ದೆ. ಭಾವ ಜಗಲಿಯಲ್ಲಿ ಕೂತು ಖಾರಾ ಮಂಡಕ್ಕಿ ಪೊಟ್ಟಣವನ್ನು ಕಿವಿಗೆ ಹಿಡಿದಿದ್ದರು. ಸುತ್ತಿ ಬಳಸುವ ಅಭ್ಯಾಸ ನನಗಿಲ್ಲ, ಇದ್ದದ್ದನ್ನು ಹೇಳಿದೆ. ಪರಪರ ನಿಂತಿತು.

ಭಾವ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡರು.

"ಅಲ್ಲಪ್ಪಾ, ನಾ ಕವರಿನ ಜಾತಿ ಯಾಕ ಕೇಳ್ತೀನಿ, ಗೊತ್ತೈತೇನು? ಬ್ಯಾರೆ ಬ್ಯಾರೆವು ಒಂದ್ಸಲ ಅಂಟಿಕೊಂಡ್ರೆ ಯಾರಿಂದ್ಲೂ ಬಿಡಿಸಾಕ ಆಗಲ್ಲ, ಅದಕ್ಕ." ಆಮೇಲೆ ಒಳಬಾಗಿಲ ಕಡೆ ತಿರುಗಿ ದನಿ ಏರಿಸಿದರು: "ಮದುವೇಲಿ ಬೇಕಾಗಿರೋದು ಅದೇ ಅಲ್ಲೇನವ್ವಾ?"

ಬಾಗಿಲ ಹಿಂದೆ ಬಿಕ್ಕುವ ಸದ್ದು. ಮಗಳು ಹೊರಗೆ ಬಂದಳು. ಭಾವ ಪೊಟ್ಟಣ ಹರಿದು ಅವಳ ಮುಂದೆ ಹಿಡಿದರು.

ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. ಅವರು ಅದನ್ನು ನೋಡಲೇ ಇಲ್ಲ.