ಹನ್ನೊಂದು ಕಿಲೋಮೀಟರ್ ದೂರದ ಮಧುಚಂದ್ರ

ಪ್ರಥಮ ಸಂಭಾಷಣೆ ಹೇಗೆ ಏರ್ಪಟ್ಟಿತೆಂಬುದನ್ನು ಎಲ್ಲಕ್ಕಿಂತ ಮೊದಲು ದಾಖಲಿಸಬೇಕೆಂಬುದು ನಮ್ಮ ಶಾಸ್ತ್ರದ ನಿಯಮ. ನಾನು ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ಮೌಖಿಕ ಇತಿಹಾಸದ ಸಂಗ್ರಾಹಕ. ವಯಸ್ಸಾದವರ ಮುಂದೆ ಟೇಪ್ ರೆಕಾರ್ಡರ್ ಇಟ್ಟು, ಅವರು ಹೇಳಿದ್ದನ್ನು ಕೇಳಿಸಿಕೊಂಡು, ತಾರೀಖು ಹಾಕಿ ಜೋಡಿಸಿಡುವುದು ನನ್ನ ವೃತ್ತಿ. ಆದ್ದರಿಂದ ನನ್ನ ದಾಂಪತ್ಯದ ವೃತ್ತಾಂತವನ್ನೂ ಅದೇ ಕ್ರಮದಲ್ಲಿ ನಿವೇದಿಸಿಕೊಳ್ಳುತ್ತೇನೆ.

ಮಧ್ಯವರ್ತಿ ನನ್ನ ಸೋದರತ್ತೆ. ಆಕೆಯ ಮನೆಯಲ್ಲಿ ವಾರಕ್ಕೆರಡು ಸಲ ಫ್ಯೂಸ್ ಹೋಗುತ್ತಿತ್ತು. ದೂರು ಕೊಡಲು ವಿದ್ಯುತ್ ಕಚೇರಿಗೆ ಹೋಗಿ ಹೋಗಿ, ಮೂರನೇ ಕೌಂಟರಿನಲ್ಲಿ ಕೂರುವ ಹುಡುಗಿ ಆಕೆಗೆ ಬಹಳ ಮೆಚ್ಚಿಗೆಯಾದಳು.

"ನಾನು ಬಾಯಿ ತೆಗೆಯೋಷ್ಟರಲ್ಲಿ ನನ್ನ ಕಷ್ಟ ಅರ್ಧ ಅವಳೇ ಹೇಳಿಬಿಡ್ತಾಳೆ ಕಣೋ. ನಿನ್ನಂಥ ಮೂಗನಿಗೆ ಇಂಥವಳೇ ಸರಿ."

ಸ್ಥಳ, ಅದೇ ಕಚೇರಿಯ ಕ್ಯಾಂಟೀನು. ವೇಳೆ, ಮಧ್ಯಾಹ್ನ ಒಂದು ಹತ್ತರಿಂದ ಒಂದು ನಲವತ್ತು. ಎದುರಿಗಿರುವವರು ಮೌನವಾದಾಗ ಆ ಮೌನವನ್ನು ನಾವು ಮುರಿಯಕೂಡದು, ಅವರೇ ಮುರಿಯುವವರೆಗೆ ತಾಳ್ಮೆಯಿಂದ ಕಾಯಬೇಕು ಎಂಬುದು ನನ್ನ ಗುರುಗಳ ಬೋಧನೆ. ನಾನು ಕಾದೆ. ಹುಡುಗಿ ಎರಡು ನಿಮಿಷ ನೋಡಿ, "ನಿಮ್ಮ ಕಂಪ್ಲೇಂಟ್ ಏನು?" ಎಂದು ಅಭ್ಯಾಸಬಲದಿಂದ ಕೇಳಿದಳು. ನಾನು ಮುಗುಳ್ನಕ್ಕೆ. ಆಮೇಲೆ ಆಕೆ ತನ್ನ ಬಾಲ್ಯ, ಅಕ್ಕನ ಹಟ, ಮೇಲಧಿಕಾರಿಯ ಕೆಮ್ಮು ಎಲ್ಲವನ್ನೂ ಹೇಳಿದಳು. ಎದ್ದು ಹೋಗುವಾಗ ಅವಳ ಕಣ್ಣು ಒದ್ದೆಯಾಗಿತ್ತು. "ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳೋ ಗಂಡಸನ್ನ ನಾನು ನೋಡೇ ಇಲ್ಲ" ಎಂದು ಸೋದರತ್ತೆಗೆ ವರದಿ ಮಾಡಿದಳಂತೆ.

(ಅದು ಗುಣವಲ್ಲ, ಸಂಬಳಕ್ಕೆ ಮಾಡುವ ಕೆಲಸ ಎಂಬುದು ಅವಳಿಗೆ ತಿಳಿದದ್ದು ಮದುವೆಯಾದ ಮೂರನೇ ದಿನ.)

ಈಗ ವಿವಾದದ ಮೂಲಕ್ಕೆ ಬರೋಣ. ನಮ್ಮ ಮನೆಯಲ್ಲಿ ಎರಡು ಕಿಟಕಿಗಳಿರುವ, ಗಾಳಿ ಬೆಳಕು ಧಾರಾಳವಾಗಿರುವ ಮಹಡಿಯ ಕೋಣೆ ಒಂದೇ ಒಂದು. ಅದರಲ್ಲಿ ನನ್ನ ನಾನೂರ ಹನ್ನೆರಡು ಕ್ಯಾಸೆಟ್ಟುಗಳು ವಾಸವಾಗಿದ್ದವು. ನವದಂಪತಿಗಳಾದ ನಮಗೆ ದಕ್ಕಿದ್ದು ಕೆಳಗಿನ ಸಣ್ಣ ಕೋಣೆ. ಅದಕ್ಕೂ ಅಮ್ಮನ ಕೋಣೆಗೂ ನಡುವೆ ಒಂದು ಹಲಗೆಯ ಅಡ್ಡಗೋಡೆ. ನಾವು ಪಿಸುಗುಟ್ಟಿದರೂ ಆಚೆಯಿಂದ "ಏನಂದ್ಯೋ? ಜೋರಾಗಿ ಹೇಳು" ಎಂದು ಉತ್ತರ ಬರುತ್ತಿತ್ತು.

"ಕ್ಯಾಸೆಟ್ಟಿಗೆ ಗಾಳಿ ಬೇಕು, ಸರಿ. ಹೆಂಡತಿಗೆ?" ಎಂದಳು ನನ್ನಾಕೆ.

"ತೇವ ತಗುಲಿದರೆ ಟೇಪು ಹಾಳಾಗುತ್ತೆ" ಎಂದು ವಿವರಿಸಿದೆ.

"ನಾನೂ ಹಾಳಾಗ್ತೀನಿ ರೀ. ಆದರೆ ನನಗೆ ನಂಬರ್ ಹಾಕಿಲ್ಲವಲ್ಲ!"

ಇಂಥ ಬಿಕ್ಕಟ್ಟಿನ ನಡುವೆಯೇ ನನಗೊಂದು ಉಜ್ವಲವಾದ ಯೋಚನೆ ಹೊಳೆಯಿತು. ರಜೆ ನಾಲ್ಕೇ ದಿನ. ದೂರದೂರಿಗೆ ಹೋದರೆ ಎರಡು ದಿನ ದಾರಿಯಲ್ಲೇ ಕಳೆಯುತ್ತದೆ. ನಮ್ಮ ಮನೆಯಿಂದ ಹನ್ನೊಂದು ಕಿಲೋಮೀಟರಿಗೆ ಸಮುದ್ರತೀರವಿದೆ, ಅಲ್ಲೊಂದು ಸಣ್ಣ ಲಾಡ್ಜ್ ಇದೆ. ಮಧುಚಂದ್ರವನ್ನು ಅಲ್ಲಿಯೇ ಆಚರಿಸುವುದು ವೈಜ್ಞಾನಿಕ.

"ಸಿಟಿ ಬಸ್ಸಲ್ಲಿ ಹನಿಮೂನಾ?"

"ಕೂರೋಕೆ ಸೀಟು ಸಿಗುತ್ತೆ. ಅದು ಹೊರಡೋ ಸ್ಟಾಪು."

ಅವಳು ಕೌಂಟರಿನ ಧ್ವನಿಯಲ್ಲಿ ಒಂದು ಷರತ್ತು ಹಾಕಿದಳು. "ಬರ್ತೀನಿ. ಆದರೆ ನಾಲ್ಕು ದಿನ ರೆಕಾರ್ಡರ್ ಇಲ್ಲ, ಪೆನ್ನಿಲ್ಲ. ಯಾರನ್ನೂ ಒಂದೇ ಒಂದು ಹಳೇ ವಿಷಯ ಕೇಳಕೂಡದು. ಕೇಳದೆ ಗೆದ್ದರೆ ಮಹಡಿ ಕೋಣೆ ನಿಮ್ಮ ಕ್ಯಾಸೆಟ್ಟಿಗೇ, ಇನ್ನು ಆ ಮಾತೇ ಎತ್ತಲ್ಲ. ಕೇಳಿದಿರೋ, ಕೋಣೆ ನಂದು."

ಒಪ್ಪಿದೆ. ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡುವುದು ಅಪ್ರಾಮಾಣಿಕವಾದೀತು. ಆ ತೀರದಲ್ಲಿ ಹಗ್ಗದಣ್ಣ ಎಂಬವರೊಬ್ಬರಿದ್ದರು. ದಡದಲ್ಲಿ ನೆಟ್ಟ ಕಬ್ಬಿಣದ ಕಂಬದಿಂದ ಅಲೆಗಳೊಳಕ್ಕೆ ದಪ್ಪ ಹಗ್ಗ ಕಟ್ಟಿ, ಸ್ನಾನಕ್ಕಿಳಿದವರು ಅದನ್ನು ಹಿಡಿದುಕೊಂಡಿದ್ದಾರೆಯೇ ಎಂದು ಸೀಟಿ ಊದುತ್ತಾ ಕಾಯುವುದು ಅವರ ಕೆಲಸ. ಹಿಂದೆ, ನದಿ ಕಡಲು ಸೇರುವ ಅಳಿವೆಯ ಆಚೆ ದಡದಿಂದ ಅಲ್ಲಿಗೆ ಜನರನ್ನು ತರುತ್ತಿದ್ದ ಲಾಂಚು ಎಂಬ ಇಂಜಿನ್ ದೋಣಿ ಯಾವಾಗ ನಿಂತಿತು ಎಂಬುದು ನನ್ನ ಸಂಶೋಧನೆಯ ಬಗೆಹರಿಯದ ಪ್ರಶ್ನೆ, ಅದನ್ನು ಬಲ್ಲವರು ಅವರೊಬ್ಬರೇ. ನಾನು ನಾಲ್ಕು ಪತ್ರ ಬರೆದಿದ್ದೆ. ಒಂದಕ್ಕೂ ಉತ್ತರವಿರಲಿಲ್ಲ. ಮಧುಚಂದ್ರದ ಸ್ಥಳದ ಆಯ್ಕೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. (ಈ ವಿಷಯಕ್ಕೆ ನಾನೊಬ್ಬನೇ ಸಾಕ್ಷಿ, ಒಬ್ಬನೇ ಸಾಕ್ಷಿಯ ಹೇಳಿಕೆ ದುರ್ಬಲವೆಂದು ನಾನೇ ಪಾಠ ಹೇಳುತ್ತೇನೆ.)

ಗುರುವಾರ ಬೆಳಗ್ಗೆ ಹೊರಟೆವು. ಕಂಡಕ್ಟರು ನಮ್ಮ ಸೂಟ್‌ಕೇಸ್ ನೋಡಿ, "ಏನ್ ಸಾರ್, ಮನೆ ಬದಲಾಯಿಸ್ತಿದೀರಾ?" ಎಂದ. ಲಾಡ್ಜಿನ ತಾರಸಿಯಿಂದ ನಮ್ಮ ಬೀದಿಯ ನೀರಿನ ಟ್ಯಾಂಕು ಸ್ಪಷ್ಟವಾಗಿ ಕಾಣಿಸುತ್ತಿತ್ತು. ಅವಳು ಅದಕ್ಕೆ ಬೆನ್ನು ತಿರುಗಿಸಿ ಕುರ್ಚಿ ಹಾಕಿಕೊಂಡಳು. ಆದರೆ ಮೊದಲ ದಿನ ಸುಖವಾಗಿಯೇ ಕಳೆಯಿತು. ಹಗ್ಗ ಹಿಡಿದು ಅಲೆಗೆ ಬೆನ್ನು ಕೊಟ್ಟೆವು. ಅವಳು ಚೀರಿದಳು, ನಾನು ಉಪ್ಪುನೀರು ಕುಡಿದೆ, ಇಬ್ಬರೂ ನಕ್ಕೆವು.

ಎರಡನೆಯ ದಿನ ತೊಂದರೆ ಶುರುವಾಯಿತು. ಬೆಳಗ್ಗೆ ಚಹಾಕ್ಕೆ ಕಾಯುತ್ತಾ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದೆ. ಷರತ್ತನ್ನು ಚಾಚೂ ತಪ್ಪದೆ ಪಾಲಿಸುವ ಉದ್ದೇಶದಿಂದ ತುಟಿ ಹೊಲಿದುಕೊಂಡಿದ್ದೆ. ಅಡುಗೆಯವನು ನನ್ನ ಕಡೆ ಎರಡು ಸಲ ನೋಡಿದ. ಮೂರನೇ ಸಲ ಸೌಟು ಕೆಳಗಿಟ್ಟು, ಹತ್ತು ವರ್ಷದಿಂದ ಮಾತು ಬಿಟ್ಟ ತಮ್ಮನ ಕಥೆ ಹೇಳಿ ಅತ್ತ. ಮಧ್ಯಾಹ್ನ ಪಕ್ಕದ ಕೋಣೆಯ ಮದುಮಗ ತನ್ನ ಮಾವನ ಭಯವನ್ನು ತೋಡಿಕೊಂಡ. ಸಂಜೆ ಮ್ಯಾನೇಜರು ತನ್ನ ಮೊದಲ ಪ್ರೇಮವನ್ನು ಹೇಳತೊಡಗಿದಾಗ ನನ್ನಾಕೆ ತೋಳು ಹಿಡಿದು ಎಬ್ಬಿಸಿಕೊಂಡು ಬಂದಳು.

"ನೀವು ಕೆಲಸ ಮಾಡ್ತಿದೀರಿ."

"ನಾನು ಸುಮ್ಮನೆ ಕೂತಿದೀನಿ!"

"ಅದೇ ನಿಮ್ಮ ಕೆಲಸ!"

"ಒಂದೇ ಒಂದು ಪ್ರಶ್ನೆ ಕೇಳಿಲ್ಲ."

"ನಿಮ್ಮ ಮುಖವೇ ಪ್ರಶ್ನೆ ಕೇಳುತ್ತೆ ರೀ. ಕ್ಯಾಂಟೀನಲ್ಲಿ ನಾನೂ ಹೀಗೇ ಮೋಸ ಹೋದೆ."

ತಾಂತ್ರಿಕವಾಗಿ ಷರತ್ತು ಮುರಿದಿರಲಿಲ್ಲ. ಅದನ್ನು ಅವಳೂ ಒಪ್ಪಬೇಕಾಯಿತು. ಕೋಣೆ ಇನ್ನೂ ಕ್ಯಾಸೆಟ್ಟುಗಳದ್ದೇ ಆಗಿತ್ತು.

ಮೂರನೆಯ ದಿನ ಮಧ್ಯಾಹ್ನ ಅವಳು ತಲೆಗೂದಲಿನ ಮರಳು ತೊಳೆಯಲು ಲಾಡ್ಜಿಗೆ ಹೋದಳು. ನಾನು ದಡದ ಬೆಂಚಿನ ಮೇಲೆ ಕೂತೆ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಹಗ್ಗದಣ್ಣ ಕೂತಿದ್ದರು. ನಮ್ಮ ಹಿಂದೆ ತಾಡಪಾಲಿನ ಚಪ್ಪರದಲ್ಲಿ ಅವರ ಹೆಂಡತಿ ಒದ್ದೆ ಟವೆಲುಗಳನ್ನು ಹಿಂಡಿ ಹರಡುತ್ತಿದ್ದರು. ನಾನು ಸಮುದ್ರವನ್ನೇ ನೋಡಿದೆ. ಕಾಲು ಗಂಟೆ ಕಳೆಯಿತು.

"ಮಂಡಿ ನೋವು ಸಾರ್" ಎಂದರು ಹಗ್ಗದಣ್ಣ.

ಮಂಡಿಯಿಂದ ಮಾತು ಹಗ್ಗಕ್ಕೆ ಬಂತು, ಹಗ್ಗದಿಂದ ಲಾಂಚಿಗೆ. ಅಷ್ಟರಲ್ಲಿ ನನ್ನಾಕೆ ಎರಡು ಲೋಟ ಚಹಾ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಚಹಾ ನನ್ನ ಕೈಗಿಟ್ಟು, ಕಣ್ಣು ನನ್ನ ತುಟಿಯ ಮೇಲಿಟ್ಟಳು.

"ನಾವೂ ನಿಮ್ಮ ಹಾಗೇ ಬಂದದ್ದಮ್ಮಾ" ಎಂದರು ಹಗ್ಗದಣ್ಣ ಅವಳ ಕಡೆ ತಿರುಗಿ. "ಹೊಸದಾಗಿ ಮದುವೆಯಾಗಿ, ಒಂದು ದಿನದ ಮಟ್ಟಿಗೆ. ನಮ್ಮ ಮನೆ ಅಗೋ, ಅಳಿವೆಯ ಆಚೆ ದಡ, ಇಲ್ಲಿಂದಲೇ ಕಾಣ್ತಿತ್ತು. ಬೆಳಗಿನ ಲಾಂಚಲ್ಲಿ ಬಂದ್ವಿ. ಸಂಜೆ ಲಾಂಚಿಗೆ ಅಂತ ಇಲ್ಲೇ ಕಾದು ಕೂತ್ವಿ. ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ. ಇಂಜಿನ್ನು ಕೆಟ್ಟಿತ್ತಂತೆ, ಮತ್ತೆ ರಿಪೇರಿ ಮಾಡಿಸಲೇ ಇಲ್ಲ. ನಾವು ಹಾಗೇ ಉಳಿದುಬಿಟ್ವಿ. ಲಾಂಚಿನ ಹಗ್ಗ ಇಲ್ಲೇ ಬಿದ್ದಿತ್ತು. ಅದನ್ನೇ ಕಂಬಕ್ಕೆ ಕಟ್ಟಿದೆ."

ಅಂದರೆ ಕೊನೆಯ ಲಾಂಚಿನ ಪ್ರಯಾಣಿಕನೇ ನನ್ನ ಪಕ್ಕದಲ್ಲಿ ಕೂತಿದ್ದ! ನನ್ನ ಮಹಾಪ್ರಬಂಧದ ಅಡಿಟಿಪ್ಪಣಿಯೊಂದರಲ್ಲಿ 'ಸುಮಾರು ೧೯೭೧' ಎಂದು ನಾಚಿಕೊಂಡು ಬರೆದಿದ್ದ ತಾರೀಖು, ಕೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು. ಚಹಾ ಚೆಲ್ಲಿತು. ಎರಡು ಕಿಟಕಿಗಳು ಕಣ್ಣ ಮುಂದೆ ತೆರೆದುಕೊಂಡವು, ಮುಚ್ಚಿಕೊಂಡವು.

"ಯಾವ ವರ್ಷ?" ಎಂದೆ.

ಎರಡೇ ಪದ. ನನ್ನಾಕೆ ಆನಂದದಿಂದ ಚಹಾ ಹೀರಿದಳು. ಆ ಸದ್ದು ನನಗೆ ಕೋಣೆಯ ಬಾಗಿಲಿಗೆ ಚಿಲಕ ಹಾಕಿದಂತೆ ಕೇಳಿಸಿತು.

ಹಗ್ಗದಣ್ಣ ತಲೆ ಕೆರೆದುಕೊಂಡರು. "ವರ್ಷ ಯಾರಿಗೆ ಸಾರ್ ನೆನಪಿರುತ್ತೆ? ಬಿಸಿಲಿತ್ತು."

ಕೋಣೆಯೂ ಹೋಯಿತು, ತಾರೀಖೂ ಸಿಗಲಿಲ್ಲ! ನನ್ನ ಮುಖ ಹೇಗಾಗಿತ್ತೋ ಏನೋ, ನನ್ನಾಕೆಗೆ ಕನಿಕರ ಹುಟ್ಟಿತು. ಲೋಟ ಮರಳಿನಲ್ಲಿಟ್ಟು ಮೂರನೇ ಕೌಂಟರಾದಳು.

"ಮದುವೆಯಾಗಿ ಎಷ್ಟನೇ ದಿನಕ್ಕೆ ಬಂದ್ರಿ ಅಣ್ಣಾ?"

"ಮೂರನೇ ದಿನ."

"ಮದುವೆ ದಿನವನ್ನೂ ಸೇರಿಸಿಯಾ, ಬಿಟ್ಟಾ?"

"ಸೇರಿಸಿ."

"ಮದುವೆ ಯಾವತ್ತು?"

ಇವು ಉತ್ತರವನ್ನು ಒಂದೇ ಓಣಿಯಲ್ಲಿ ಅಟ್ಟಿಕೊಂಡು ಹೋಗುವ ಪ್ರಶ್ನೆಗಳು. ನಮ್ಮ ಶಾಸ್ತ್ರದಲ್ಲಿ ಸರ್ವಥಾ ನಿಷಿದ್ಧ. ನಾನು ಆಕ್ಷೇಪಿಸುವ ಮೊದಲೇ ಹಗ್ಗದಣ್ಣ ಹಿಂದಕ್ಕೆ ತಿರುಗಿ ಕೂಗಿದರು. "ಏ ಇವಳೇ! ನಮ್ಮ ಮದುವೆ ಯಾವತ್ತೇ?"

ಚಪ್ಪರದೊಳಗಿಂದ, ಟವೆಲು ಹಿಂಡುವ ಕೈ ನಿಲ್ಲಿಸದೆ, ಉತ್ತರ ಬಂತು. "ಅರವತ್ತೆಂಟು, ಮೇ ಹದಿನಾರು, ಗುರುವಾರ! ಹನ್ನೊಂದು ಗಂಟೆಯಾದರೂ ನಿಮ್ಮ ದೊಡ್ಡಣ್ಣನ ಸುಳಿವಿರಲಿಲ್ಲ. ಬಂದಾಗ ಕಾಲಲ್ಲಿ ಒಂದೇ ಚಪ್ಪಲಿ ಇತ್ತು!"

ನಾನು ಬೆಂಚಿನಿಂದ ಎದ್ದು ನಿಂತೆ. ಸಾಕ್ಷಿ ಇಷ್ಟು ದಿನ ಚಪ್ಪರದಲ್ಲಿತ್ತು, ನಾನು ಬೆಂಚಿನ ಮೇಲೆ ಹುಡುಕುತ್ತಿದ್ದೆ. ನಾನು ಪತ್ರ ಬರೆದಿದ್ದೇನೋ ನಿಜ, ತಪ್ಪು ವ್ಯಕ್ತಿಗೆ ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ.

"ಓ, ಆ ಪತ್ರಗಳು ನಿಮ್ಮದಾ?" ಎಂದು ಹೊರಗೆ ಬಂದರು ಆಕೆ. "ಇವರ ಹೆಸರಿಗೆ ಬಂದ್ವು. ಕನ್ನಡಕ ಸಿಗಲಿಲ್ಲ ಅಂತ ಇವರು ಡಬ್ಬದಲ್ಲಿಟ್ರು. ನನ್ನ ಹೆಸರಿಗೆ ಬರೆದಿದ್ರೆ ಮಾರನೇ ದಿನವೇ ಉತ್ತರ ಹಾಕ್ತಿದ್ದೆ. ಲಾಂಚಲ್ಲಿ ಯಾರ್ಯಾರು ಇದ್ರು, ಏನು ಉಟ್ಟಿದ್ರು ಎಲ್ಲಾ ಗೊತ್ತು ನಂಗೆ."

"ಕೂತ್ಕೊಳ್ಳಿ ಅಕ್ಕಾ" ಎಂದಳು ನನ್ನಾಕೆ, ಬೆಂಚಿನ ಮೇಲೆ ಜಾಗ ಮಾಡುತ್ತಾ. ಜಾಗ ಆಗಬೇಕಾದರೆ ಇಬ್ಬರು ಏಳಬೇಕಿತ್ತು. ಹಗ್ಗದಣ್ಣನೂ ನಾನೂ ಹೋಗಿ ಹಗ್ಗದ ಬಳಿ ನಿಂತೆವು. ಹಿಂದಿನಿಂದ ನಗು ಕೇಳಿಸುತ್ತಿತ್ತು.

"ಇವತ್ತಿಗೂ ಲಾಂಚು ಬಂದಿಲ್ಲ ಸಾರ್" ಎಂದರು ಅವರು, ಆಚೆ ದಡವನ್ನು ನೋಡುತ್ತಾ. "ಬಂದ್ರೂ ಇವಳು ಹತ್ತಲ್ಲ."

ಸಂಜೆ ತಾರಸಿಯಲ್ಲಿ ನನ್ನಾಕೆ ತನ್ನ ಕುರ್ಚಿಯನ್ನು ನೀರಿನ ಟ್ಯಾಂಕಿನ ಕಡೆಗೆ ತಿರುಗಿಸಿಕೊಂಡು, ಕೇಳಿದ್ದನ್ನೆಲ್ಲ ನನಗೆ ಒಪ್ಪಿಸಿದಳು. ನಾನು ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡೆ. ಈ ಸಲ ಅದು ಕೆಲಸವಾಗಿರಲಿಲ್ಲ ಎಂದು ಪ್ರಮಾಣ ಮಾಡಬಲ್ಲೆ. ಸೋತವನಿಗೆ ಇಷ್ಟು ನೆಮ್ಮದಿ ಹೇಗೆ ಎಂಬ ಬಗ್ಗೆ ನನ್ನಲ್ಲಿ ಆಧಾರಗಳಿಲ್ಲ.

ಸೋಮವಾರ ಕ್ಯಾಸೆಟ್ಟುಗಳನ್ನು ಇಳಿಸಿದೆವು. ಹಲಗೆಯ ಆಚೆ ಕೂತಿದ್ದ ಅಮ್ಮ, "ಸದ್ಯ, ಇವಾದರೂ ಪಿಸಪಿಸ ಅನ್ನಲ್ಲ" ಎಂದರು. ಸಂಗ್ರಹದ ವಹಿಯನ್ನು ಯಥಾವತ್ತಾಗಿ ತಿದ್ದಿದೆ. ನನ್ನಾಕೆ ಬೆನ್ನ ಹಿಂದೆ ನಿಂತು ಓದಿ, 'ಕೇಳಿದವರು' ಎಂಬಲ್ಲಿ ಒಂದು ಪದವನ್ನು ಹೊಡೆದುಹಾಕಿಸಿ, ಇನ್ನೊಂದನ್ನು ಬರೆಸಿದಳು. ಅದರ ಅಂತಿಮ ಪಾಠ ಹೀಗಿದೆ:

ಕ್ರಮಾಂಕ ೪೧೩. ಸಂಗತಿ: ಕೊನೆಯ ಲಾಂಚು, ಶನಿವಾರ, ೧೮ ಮೇ ೧೯೬೮, ಬೆಳಗಿನ ಸರದಿ. ಹೇಳಿದವರು: ಹಗ್ಗದಣ್ಣನ ಪತ್ನಿ. ಕೇಳಿದವರು: ಸಂಗ್ರಾಹಕನ ಪತ್ನಿ. ಹಾಜರಿದ್ದವರು: ಇಬ್ಬರು ಗಂಡಂದಿರು.

ಸ್ಥಳ ಬದಲಾವಣೆ: ೨೨ ಫೆಬ್ರವರಿ ೧೯೯೯, ಸೋಮವಾರ, ಬೆಳಗ್ಗೆ ಹತ್ತೂವರೆ. ಸಂಗ್ರಹ ಕೆಳಕ್ಕೆ, ಸಂಗ್ರಾಹಕ ಮೇಲಕ್ಕೆ.