ಎಪ್ಪತ್ತೈದರ ಮಾತ್ರೆ, ಅಜ್ಜಿಯ ದನಿ

ಕಾಯಿಲೆಗಳಲ್ಲೂ ಮರ್ಯಾದಸ್ಥ ಕಾಯಿಲೆ, ಮರ್ಯಾದೆಯಿಲ್ಲದ ಕಾಯಿಲೆ ಎಂದು ಎರಡು ಜಾತಿ ಇವೆ ಎನ್ನುವುದು ನನಗೆ ಇಪ್ಪತ್ತೇಳನೆಯ ವಯಸ್ಸಿನಲ್ಲಿ ತಿಳಿಯಿತು. ಕಾಲು ಮುರಿದರೆ ಪ್ಲಾಸ್ಟರ್ ಹಾಕುತ್ತಾರೆ, ಅದರ ಮೇಲೆ ನೆಂಟರ ಮಕ್ಕಳು ಚಿತ್ರ ಬಿಡಿಸುತ್ತಾರೆ. ಡೆಂಗಿ ಬಂದರೆ ಎಳನೀರು ಬರುತ್ತದೆ, ನೋಡಲು ಜನ ಬರುತ್ತಾರೆ. ಡೆಂಗಿಯಿಂದ ಎದ್ದವನಿಗೆ ಬೆಳಗಿನ ಡೊಂಬಿವಲಿ ಲೋಕಲ್‌ನಲ್ಲಿ ಮೂವರ ಬೆಂಚಿನ ತುದಿಯಲ್ಲಿ ಒತ್ತರಿಸಿಕೊಂಡು ಕೂರುವ ನಾಲ್ಕನೇ ಸೀಟು ಬಿಟ್ಟುಕೊಟ್ಟದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಥೈರಾಯ್ಡ್ ಕಡಿಮೆ ಇದೆ ಎಂದವನಿಗೆ ಮಾತ್ರ ಏನೂ ಇಲ್ಲ. "ಹೌದಾ? ನಮ್ಮ ಅತ್ತಿಗೆಗೂ ಉಂಟು" ಎಂದು ಹೇಳಿ ಜನ ಮತ್ತೆ ಮೊಬೈಲ್ ನೋಡಲು ತೊಡಗುತ್ತಾರೆ. ಗಾಯವಿಲ್ಲ, ಜ್ವರವಿಲ್ಲ, ತೋರಿಸಲು ಒಂದು ಬ್ಯಾಂಡೇಜೂ ಇಲ್ಲ. ಇರುವುದು ಒಂದು ಸಾಸಿವೆಗಿಂತ ಸ್ವಲ್ಪ ದೊಡ್ಡ ಮಾತ್ರೆ, ಮತ್ತು ಅದು ಎಷ್ಟು ದೊಡ್ಡದಿರಬೇಕು ಎಂಬ ಬಗ್ಗೆ ನನಗೂ ಡಾಕ್ಟರಿಗೂ ವರ್ಷಕ್ಕೂ ಹೆಚ್ಚು ಕಾಲದಿಂದ ನಡೆಯುತ್ತಿರುವ ಜಗಳ.

ಈ ಜಗಳ ನನಗೆ ಏಕೆ ಮುಖ್ಯ ಎಂದು ತಿಳಿಯಬೇಕಾದರೆ ನನ್ನ ಚಟವನ್ನು ಒಪ್ಪಿಕೊಳ್ಳಬೇಕು. ನಾನು ಬೇರೆಯವರ ದನಿ ತೆಗೆಯುತ್ತೇನೆ. ಠಾಣೆ ಸ್ಟೇಷನ್ನಿನಲ್ಲಿ ಟ್ರೈನು ತಡವಾಗಿದೆ ಎಂದು ಹೇಳಿ, ನಮ್ಮ ಅಡಚಣೆಗೆ ಖೇದ ಪಡುವ ಹೆಂಗಸು, ನೀರಿನ ಟ್ಯಾಂಕರ್ ಬಂದಾಗ ಯುದ್ಧ ಸಾರುವ ನಮ್ಮ ಸೊಸೈಟಿಯ ಸೆಕ್ರೆಟರಿ, ಕೆಳಗಿನ ಮನೆಯ ಹುಬ್ಬಳ್ಳಿಯ ಕುಲಕರ್ಣಿ ಕಾಕು, ಯಾರನ್ನೂ ಬಿಟ್ಟಿಲ್ಲ. ಮಹಾಪೆಯ ಕಸ್ಟಮರ್ ಕೇರ್ ಆಫೀಸಿನಲ್ಲಿ ದಿನವಿಡೀ ಫೋನಿನಲ್ಲಿ ಬೈಸಿಕೊಳ್ಳುವ ನಾನು, ಬಾಸ್ ಬಂದ ಕೂಡಲೇ ತುಪ್ಪದಲ್ಲಿ ಅದ್ದಿದ ಹೋಳಿಗೆಯಂಥ ದನಿಯಲ್ಲಿ "ಯೆಸ್ ಸರ್" ಎನ್ನುವುದನ್ನೂ ಮಾಡಿ ತೋರಿಸುತ್ತೇನೆ. ಆದರೆ ಇವೆಲ್ಲ ಚಿಲ್ಲರೆ. ನನ್ನ ಹತ್ತಿರ ಇದ್ದ ಒಂದೇ ಒಂದು ನಿಜವಾದ ಆಸ್ತಿ ಎಂದರೆ ಅಜ್ಜಿಯ ದನಿ.

ಅಜ್ಜಿ ಅಂದರೆ ಅಪ್ಪನ ತಾಯಿ. ಉಡುಪಿ ಕಡೆಯವಳು, ಮೂರು ವರ್ಷದ ಹಿಂದೆ ನಮ್ಮ ಡೊಂಬಿವಲಿಯ ಮನೆಯಲ್ಲೇ ಹೋದಳು. ಅವಳ ದನಿಯ ರೆಕಾರ್ಡಿಂಗ್ ಒಂದೂ ಇಲ್ಲ. ಮೊಬೈಲ್ ಎದುರು ಹಿಡಿದರೆ ಫೋಟೋ ಎಂದುಕೊಂಡು ಬಾಯಿ ಬಿಗಿದು, ಸೆರಗು ಸರಿಮಾಡಿಕೊಂಡು ಕೂತುಬಿಡುತ್ತಿದ್ದಳು. ವಿಡಿಯೋಗಳಲ್ಲೆಲ್ಲ ಅವಳು ಮೂಕಿ. ಹಾಗಾಗಿ ಆ ದನಿಯ ಏಕೈಕ ಪ್ರತಿ ಉಳಿದದ್ದು ನನ್ನ ಗಂಟಲಿನಲ್ಲಿ. ಅಪ್ಪ ಮಹಾಪೆಯ ಕಾರ್ಖಾನೆಗಳ ನಡುವೆ ಒಂದು ಕ್ಯಾಂಟೀನ್ ನಡೆಸುತ್ತಾರೆ. ಇಡೀ ದಿನ ನೂರಾರು ಜನರ ಆರ್ಡರ್ ಕೇಳಿಯೋ ಏನೋ, ಮನೆಯಲ್ಲಿ ಅವರು ಮಾತಾಡುವುದು ಕಡಿಮೆ. ನನ್ನ ಯಾವ ಮಿಮಿಕ್ರಿಗೂ ಅವರು ನಕ್ಕದ್ದಿಲ್ಲ. ಆದರೆ ರಜೆಯ ಭಾನುವಾರ ಅವರು ತಲೆಸ್ನಾನ ಮಾಡಿ ಹೊರಗೆ ಬಂದಾಗ ನಾನು ಅಡುಗೆಮನೆಯಿಂದ ಅಜ್ಜಿಯಾಗಿ ಕೂಗುತ್ತಿದ್ದೆ: "ಏ ಸೀನಾ, ತಲೆ ಸಮಾ ಒರೆಸಿದ್ಯಾ? ಶೀತ ಆಗ್ತದೆ ಮತ್ತೆ!" ಅಪ್ಪನ ತಲೆಯಲ್ಲಿ ಕೂದಲು ಎಂಬುದು ಇಲ್ಲದೆ ಹದಿನೈದು ವರ್ಷವಾಯಿತು. ಆದರೂ ಅವರು ನಿಂತು, ಬೈರಾಸಿನಿಂದ ಬೋಳು ತಲೆಯನ್ನು ಇನ್ನೊಮ್ಮೆ ಉಜ್ಜಿ, "ಹ್ಞೂಂ ಅಮ್ಮ, ಒರೆಸಿದೆ" ಎನ್ನುತ್ತಿದ್ದರು. ಯಾರೂ ನಗುತ್ತಿರಲಿಲ್ಲ. ಅಷ್ಟೇ, ಆ ವಾರದ ಕಾರ್ಯಕ್ರಮ ಮುಗಿಯಿತು.

ಕಳೆದ ವರ್ಷ ನನ್ನ ದನಿ ಇಳಿಯತೊಡಗಿತು. ಮೇ ತಿಂಗಳ ಬೇಗೆಯಲ್ಲಿ ನಾನು ಕಂಬಳಿ ಹೊದೆಯುತ್ತಿದ್ದೆ. ಠಾಣೆಯಲ್ಲಿ ಇಳಿದು ವಾಶಿ ಕಡೆಯ ಟ್ರೈನು ಹಿಡಿಯಬೇಕಾದವನು ನಿದ್ದೆ ಹೋಗಿ ಎರಡು ಸಲ ದಾದರ್ ತಲುಪಿದೆ. ಇಷ್ಟಾದರೂ ನನಗೆ ಚಿಂತೆ ಹತ್ತಲಿಲ್ಲ, ಸೋಮಾರಿತನ ನಮ್ಮ ಪೀಳಿಗೆಗೆ ಹೊಸದೇನೂ ಅಲ್ಲ ಎಂದುಕೊಂಡೆ. ಫೋನಿನಲ್ಲಿ ಗಿರಾಕಿಗಳು "ಅಂಕಲ್, ಜರಾ ಜಲ್ದಿ ಬೋಲೋ" ಎನ್ನಲು ಶುರು ಮಾಡಿದಾಗ ಸ್ವಲ್ಪ ನೋವಾಯಿತು. ಒಂದು ಭಾನುವಾರ ಅಡುಗೆಮನೆಯಿಂದ "ಏ ಸೀನಾ" ಎಂದೆ. ಬಂದದ್ದು ಅಜ್ಜಿಯಲ್ಲ, ಗಾಳಿ ಹಿಡಿದ ನೀರಿನ ಪಂಪು. ಅಪ್ಪ ಬೈರಾಸು ಹಿಡಿದು ನಿಂತರು. "ಗಂಟ್ಲು ಸರಿ ಇಲ್ವಾ?" ಎಂದು ಕೇಳಿ, ಬೈರಾಸನ್ನು ಹಗ್ಗಕ್ಕೆ ಹಾಕಿ ಹೋದರು. ಮುಂದಿನ ಭಾನುವಾರಗಳಲ್ಲಿ ಅವರು ಸ್ನಾನ ಮುಗಿಸಿ ಬಂದು, ಬಾಗಿಲ ಹತ್ತಿರ ಅರ್ಧ ನಿಮಿಷ ಸುಮ್ಮನೆ ನಿಂತು, ಆಮೇಲೆ ಪೇಪರ್ ತೆಗೆದುಕೊಳ್ಳುತ್ತಿದ್ದರು. ಆ ಅರ್ಧ ನಿಮಿಷ ನಾನು ಕುಕ್ಕರಿನ ಹಿಂದೆ ಅಡಗಿಕೊಳ್ಳುತ್ತಿದ್ದೆ.

ಹೀಗೆ ನಾನು ಠಾಣೆಯ ಡಾಕ್ಟರ ಬಳಿ ಹೋದದ್ದು. ಅವರು ಮರಾಠಿಯವರು, ಸಾವಧಾನದ ಮನುಷ್ಯ. ಒಂದು ಪದಕ್ಕೂ ಇನ್ನೊಂದು ಪದಕ್ಕೂ ನಡುವೆ ಒಂದು ಫಾಸ್ಟ್ ಲೋಕಲ್ ಹಾದುಹೋಗುವಷ್ಟು ಜಾಗ ಬಿಡುತ್ತಾರೆ. ಅವರ ಮಾತನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ, ನಡುವಿನ ಮೌನವನ್ನು ನೀವೇ ಸೇರಿಸಿಕೊಳ್ಳಿ. ಚಳಿ, ನಿದ್ದೆ, ಒರಟು ದನಿ ಎಲ್ಲವೂ ಥೈರಾಯ್ಡ್ ಕಡಿಮೆಯಾದದ್ದರಿಂದಲೇ ಎಂದು ಹೇಳಿ, ಮೊದಲು ಇಪ್ಪತ್ತೈದು ಮೈಕ್ರೋಗ್ರಾಮಿನ ಮಾತ್ರೆ ಕೊಟ್ಟರು, ಆಮೇಲೆ ಐವತ್ತು, ಆಮೇಲೆ ಎಪ್ಪತ್ತೈದು. ಪ್ರತಿ ಸಲ ಆರೆಂಟು ವಾರ ಬಿಟ್ಟು ರಕ್ತ ಪರೀಕ್ಷೆ. ಈ ಪರೀಕ್ಷೆಯಲ್ಲಿ ಇನ್ನೊಂದು ತಮಾಷೆ ಇದೆ: ಥೈರಾಯ್ಡ್ ಇಳಿದರೆ ರಿಪೋರ್ಟಿನ ಅಂಕಿ ಏರುತ್ತದೆ. ಮೊದಲ ಸಲ ಅಂಕಿ ದೊಡ್ಡದಾಗಿ ಬಂದದ್ದನ್ನು ನೋಡಿ ಅಮ್ಮ, "ಒಳ್ಳೆ ಮಾರ್ಕು ಬಂದಿದೆಯಲ್ಲ!" ಎಂದಿದ್ದಳು. ಎಪ್ಪತ್ತೈದಕ್ಕೆ ಅಂಕಿ ಹೇಗೋ ತೆವಳಿಕೊಂಡು ಗೆರೆಯೊಳಗೆ ಬಂತು. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು.

"ರಿಪೋರ್ಟ್ ನಾರ್ಮಲ್. ಇದನ್ನೇ ಮುಂದುವರಿಸು."

"ರಿಪೋರ್ಟ್ ನಾರ್ಮಲ್ ಇರಬಹುದು ಡಾಕ್ಟರ್, ನಾನು ಇಲ್ಲ. ದನಿ ಬಂದಿಲ್ಲ. ನೂರು ಮಾಡಿ."

"ದನಿಯನ್ನು ಅಳೆಯುವ ಪರೀಕ್ಷೆ ನನ್ನ ಬಳಿ ಇಲ್ಲ."

ನೂರು ಎಂಬ ಸಂಖ್ಯೆಯನ್ನು ನನ್ನ ತಲೆಗೆ ಹಾಕಿದ್ದು ಕುಲಕರ್ಣಿ ಕಾಕು. ಅವರಿಗೂ ಇದೇ ಕಾಯಿಲೆ, ಇಪ್ಪತ್ತು ವರ್ಷದ ಅನುಭವ. ಮೆಟ್ಟಿಲ ಮೇಲೆ ನಿಲ್ಲಿಸಿ, "ನಿಂದೆಷ್ಟಪಾ ಡೋಸು?" ಎಂದು ಕೇಳಿದ್ದರು. ಎಪ್ಪತ್ತೈದು ಎಂದೆ. "ಅಯ್ಯ, ಅಷ್ಟ ಏನು? ನಂದು ನೂರಾ ಇಪ್ಪತ್ತೈದ ಅದ ನೋಡು!" ಎಂದು ಅವರು ಸೆರಗು ಕೊಡವಿಕೊಂಡು ಹತ್ತಿದ ರೀತಿಗೆ, ನಾನು ಪರೀಕ್ಷೆಯಲ್ಲಿ ಫೇಲಾದವನಂತೆ ಗೋಡೆಗೆ ಒರಗಿದೆ.

ನನ್ನ ದುರದೃಷ್ಟ ಏನೆಂದರೆ ನನಗೆ ಗೋಳು ಹೇಳಿಕೊಳ್ಳಲು ಬರುವುದಿಲ್ಲ. "ಹೇಗಿದ್ದೀಯ?" ಎಂದು ಡಾಕ್ಟರು ಕೇಳಿದರೆ ಸುಸ್ತು ಎಂದು ಸುಮ್ಮನಾಗಬೇಕು ತಾನೆ? ನಾನು ಕಾಕು ಡೋಸು ಕೇಳಿದ್ದನ್ನು ಅಭಿನಯಿಸುತ್ತೇನೆ. ಒರಟು ದನಿಗೂ ಸಿಗುವ ಪಾತ್ರಗಳು ಕೆಲವು ಇರುತ್ತವೆ, ಅವುಗಳನ್ನೇ ಹಿಡಿದು ಎಳೆಯುತ್ತೇನೆ. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನಕ್ಕು ಮುಗಿಸಿ ನನ್ನ ಫೈಲಿನಲ್ಲಿ ಬರೆದದ್ದನ್ನು ತಲೆಕೆಳಗಾಗಿ ಓದಿದೆ: ರೋಗಿ ಉತ್ಸಾಹದಿಂದ ಇದ್ದಾನೆ. ಆ ದಿನ ವಾಪಸು ಬರುವಾಗ ಕಳವಾ ಸ್ಟೇಷನ್ ದಾಟುವವರೆಗೂ ಟ್ರೈನಿನ ಬಾಗಿಲ ಕಂಬಿ ಹಿಡಿದು, ಇಂಥ ಉತ್ಸಾಹಿ ರೋಗಿ ಸತ್ತರೆ ಸರ್ಟಿಫಿಕೇಟಿನಲ್ಲಿ ಏನು ಬರೆಯುತ್ತಾರೋ ಎಂದು ಯೋಚಿಸಿದೆ.

ಮುಂದಿನ ಸಲ ಶಪಥ ಮಾಡಿ ಹೋದೆ. ಬಾಯಿ ಬಿಡಬಾರದು, ಮುಖ ಜೋಲು ಹಾಕಿಕೊಂಡು ನೂರು ಪಡೆದೇ ಬರಬೇಕು. ಆದರೆ ಡಾಕ್ಟರೇ ಕುರ್ಚಿಗೆ ಒರಗಿ, "ಇವತ್ತು ಏನೂ ಇಲ್ಲವಾ? ಸರಿ, ನಿನ್ನ ಸುಸ್ತು ಎಷ್ಟೆಂದು ನನಗೆ ಗೊತ್ತಾಗಬೇಕು. ನಿನ್ನ ಒಂದು ಬೆಳಗ್ಗೆ ಹೇಗಿರುತ್ತದೆ, ಮಾಡಿ ತೋರಿಸು" ಎಂದರು. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಶಪಥವನ್ನು ಅಲ್ಲೇ ಬಿಟ್ಟು ಎದ್ದು ನಿಂತೆ. ಅಲಾರಂ ಆದೆ, ಅಲಾರಂ ಆರಿಸುವ ಕೈಯಾದೆ, ಆಮೇಲೆ ಅಮ್ಮನಾದೆ: "ಏಳು ಮಾರಾಯಾ, ಆರೂವರೆ ಆಯ್ತು. ಬಾಯಿ ತೆರಿ, ಮಾತ್ರೆ. ಇಗಾ ಕಾಫಿ, ಬಿಸಿ ಉಂಟು, ಕುಡಿ. ಮಾತ್ರೆ ಒಳಗೆ ಹೋಗ್ಲಿ." ಇದನ್ನೇ ಮರಾಠಿಯಲ್ಲಿ, ಅಮ್ಮನ ಉಡುಪಿಯ ರಾಗ ಕೆಡದ ಹಾಗೆ ಮಾಡಿದೆ ಎನ್ನುವುದು ನನ್ನ ಹೆಮ್ಮೆ. ಡಾಕ್ಟರು ನಗುತ್ತಿದ್ದವರು ನಿಲ್ಲಿಸಿದರು.

"ಅಮ್ಮನನ್ನು ಇನ್ನೊಮ್ಮೆ ಮಾಡು."

ಒನ್ಸ್ ಮೋರ್ ಎಂದುಕೊಂಡು ಇನ್ನಷ್ಟು ಭಾವ ತುಂಬಿ ಮಾಡಿದೆ.

"ಮಾತ್ರೆಯನ್ನು ಕಾಫಿಯಲ್ಲಿ ನುಂಗುತ್ತೀಯಾ? ಖಾಲಿ ಹೊಟ್ಟೆಯಲ್ಲಿ ತಾನೇ ಎಂದು ಪ್ರತಿ ಸಲ ಕೇಳಿದ್ದೆನಲ್ಲ?"

"ಖಾಲಿಯೇ ಡಾಕ್ಟರ್! ತಿಂಡಿ ಎಂಟೂವರೆಗೆ."

ನಾನು ಸುಳ್ಳು ಹೇಳಿರಲಿಲ್ಲ. ಹೋಟೆಲು, ಕ್ಯಾಂಟೀನು ನಡೆಸುವ ನಮ್ಮ ಮನೆಗಳಲ್ಲಿ ಕಾಫಿ ಆಹಾರದ ಪಟ್ಟಿಯಲ್ಲಿ ಇಲ್ಲ. ಏಕಾದಶಿಯ ದಿನ ನೀರನ್ನೂ ಮುಟ್ಟದ ಅಜ್ಜಿ ಎರಡು ಲೋಟ ಕಾಫಿ ಕುಡಿಯುತ್ತಿದ್ದಳು, ದೇವರೂ ಆಕ್ಷೇಪಿಸಿದ್ದಿಲ್ಲ. ಡಾಕ್ಟರು ಆಕ್ಷೇಪಿಸಿದರು. ಕಾಫಿಯ ಜೊತೆಗೆ ಹೋದ ಮಾತ್ರೆ ಪೂರ್ತಿ ಮೈಗೆ ಹತ್ತುವುದಿಲ್ಲವಂತೆ. "ಒಂದು ವರ್ಷದಿಂದ ನಾವು ಜಗಳಾಡಿದ್ದು ನಿನ್ನ ಡೋಸಿಗಲ್ಲ, ಕಾಫಿಯ ಡೋಸಿಗೆ" ಎಂದರು. ನೂರು ಸಿಗಲಿಲ್ಲ. ಅದೇ ಎಪ್ಪತ್ತೈದು, ನೀರಿನಲ್ಲಿ; ಆಮೇಲೆ ಒಂದು ಗಂಟೆ ಕಾಫಿ ಬಂದ್.

ಅಮ್ಮ ಇದನ್ನು ತನ್ನ ಮೇಲಿನ ಆರೋಪ ಎಂದೇ ತೆಗೆದುಕೊಂಡಳು. "ನನ್ನ ಕಾಫಿಯಿಂದ ನಿನಗೆ ಸೌಖ್ಯ ಇಲ್ಲದ್ದಾ? ನಿನ್ನ ಅಪ್ಪ ಮೂವತ್ತು ವರ್ಷದಿಂದ ಇದನ್ನೇ ಕುಡೀತಿದ್ದಾರೆ, ಅವರ ದನಿಗೆ ಎಂತ ಆಗಿದೆ?"

"ಅದು ಗೊತ್ತಾಗ್ಬೇಕಾದ್ರೆ ಅವರು ಮಾತಾಡ್ಬೇಕಲ್ಲ ಅಮ್ಮ" ಎಂದೆ. ಎರಡು ದಿನ ನನಗೆ ಕಾಫಿ ಒಂದು ಗಂಟೆಯ ನಂತರವೂ ಸಿಗಲಿಲ್ಲ.

ಐದೂವರೆಗೆ ಮಾತ್ರೆ, ಆರೂವರೆಗೆ ಕಾಫಿ. ಎರಡು ಕೋಣೆಯ ಮನೆಯಲ್ಲಿ ಡಿಕಾಕ್ಷನ್ ಇಳಿಯುವ ಪರಿಮಳವನ್ನು ಮೂಸುತ್ತಾ ಗಡಿಯಾರದ ಎದುರು ಕೂರುವ ಆ ಒಂದು ಗಂಟೆಯಲ್ಲಿ ನಾನು ಕಂಡಷ್ಟು ಕತ್ತಲೆಯನ್ನು ಯಾವ ಸುರಂಗದಲ್ಲೂ ಕಂಡಿಲ್ಲ. ಆದರೆ ಎರಡು ತಿಂಗಳಾಗುವಾಗ ಕಂಬಳಿ ಬಿಟ್ಟುಹೋಯಿತು. ಗಿರಾಕಿಗಳು ಮತ್ತೆ ನನ್ನನ್ನು ಅಂಕಲ್ ಎನ್ನದೆ ನೇರವಾಗಿ ಬೈಯಲು ತೊಡಗಿದರು. ಒಂದು ಭಾನುವಾರ ಧೈರ್ಯ ಮಾಡಿ ಅಡುಗೆಮನೆಯಿಂದ ಕೂಗಿದೆ. ಅಜ್ಜಿ ಬಂದಳು, ಕೊನೆಯಲ್ಲಿ ಎಳೆಯುವ ಆ ಸಣ್ಣ ನಡುಕದ ಸಮೇತ. ಅಪ್ಪ ಬಾಗಿಲಲ್ಲಿ ಬಹಳ ಹೊತ್ತು ತಲೆ ಒರೆಸಿಕೊಂಡರು. "ಒರೆಸಿದೆ ಅಮ್ಮ" ಎಂದರು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ರಕ್ತ ಪರೀಕ್ಷೆ ಬಂತಲ್ಲ. ಈ ಸಲ ಅಂಕಿ ಗೆರೆಯಿಂದ ಕೆಳಗೆ ಜಾರಿತ್ತು. ಡಾಕ್ಟರು, "ಕಾಫಿ ತಪ್ಪಿ ಮಾತ್ರೆ ಪೂರ್ತಿ ಹತ್ತುತ್ತಿದೆ, ಈಗ ಎಪ್ಪತ್ತೈದು ನಿನಗೆ ಹೆಚ್ಚಾಯಿತು. ಒಂದು ದಿನ ಐವತ್ತು, ಒಂದು ದಿನ ಎಪ್ಪತ್ತೈದು" ಎಂದರು. ರಿಪೋರ್ಟ್ ಸರಿ ಇದ್ದಾಗ ನಾನು ಸರಿ ಇರಲಿಲ್ಲ, ನಾನು ಸರಿಯಾದ ಕೂಡಲೇ ರಿಪೋರ್ಟ್ ಕೆಟ್ಟಿತು. ನಾವಿಬ್ಬರೂ ಒಟ್ಟಿಗೆ ಸೌಖ್ಯವಾಗಿರುವ ಯೋಗ ನಮ್ಮ ಜಾತಕದಲ್ಲೇ ಇಲ್ಲ. "ದನಿ ಈಗಷ್ಟೇ ಬಂದಿದೆ ಡಾಕ್ಟರ್" ಎಂದೆ, ನನ್ನದೇ ದನಿಯಲ್ಲಿ, ಯಾರ ಅಣಕವೂ ಇಲ್ಲದೆ. ಅವರು ನಗಲಿಲ್ಲ. "ಹೆಚ್ಚಾದರೆ ಹೃದಯಕ್ಕೆ ಒಳ್ಳೆಯದಲ್ಲ, ಮೂಳೆಗೂ. ನನಗೆ ನೀನು ಪೂರ್ತಿ ಬೇಕು, ಬರೀ ಗಂಟಲು ಅಲ್ಲ" ಎಂದರು.

ನಾನು ಒಪ್ಪಲಿಲ್ಲ. ಐವತ್ತರ ಸ್ಟ್ರಿಪ್ಪನ್ನು ಡಬ್ಬದ ಅಡಿಗೆ ಹಾಕಿ, ಎಪ್ಪತ್ತೈದನ್ನೇ ನುಂಗುತ್ತೇನೆ, ಹೃದಯಕ್ಕೆ ಏನಾದರೂ ಆಗಲಿ, ಡಾಕ್ಟರಿಗೆ ಹೇಳುವವರು ಯಾರು ಎಂದು ಶನಿವಾರ ಅಮ್ಮನ ಎದುರು ಘೋಷಿಸಿದೆ. ಪೇಪರಿನ ಹಿಂದೆ ಅಪ್ಪ ಇದ್ದರು. ಪುಟ ತಿರುಗಲಿಲ್ಲ ಎಂಬುದನ್ನು ನಾನು ಗಮನಿಸಬೇಕಿತ್ತು.

ಭಾನುವಾರ ಅಪ್ಪ ಸ್ನಾನ ಮುಗಿಸಿ ಬಂದರು. ಅಜ್ಜಿ ಕೂಗಿದಳು, ಅಪ್ಪ "ಒರೆಸಿದೆ ಅಮ್ಮ" ಎಂದರು. ಅಷ್ಟಕ್ಕೆ ಮುಗಿಯಬೇಕಿತ್ತು. ಅವರು ಅಲ್ಲಿಂದ ಕದಲಲಿಲ್ಲ. ಅಡುಗೆಮನೆಯ ಕಡೆ ನೋಡದೆ, ಬೈರಾಸನ್ನು ಮಡಚುತ್ತಾ, ನಾನು ಅವರ ಬಾಯಿಂದ ಕೇಳಿದ ಅತಿ ಉದ್ದದ ಮಾತನ್ನು ಆಡಿದರು: "ಅಮ್ಮ, ಈ ಹುಡುಗ ಡಾಕ್ಟ್ರು ಹೇಳಿದ್ದು ಕೇಳುದಿಲ್ಲ. ಹಾರ್ಟಿಗೆ ತೊಂದ್ರೆ ಅಂತೆ. ನಾನು ಹೇಳಿದ್ರೆ ನನ್ನನ್ನೇ ಅಣಕಿಸ್ತಾನೆ. ನೀನು ಒಂದು ಮಾತು ಹೇಳು."

ಕೈಯಲ್ಲಿ ಸೌಟು ಹಿಡಿದು ನಿಂತೆ. ನನ್ನ ದನಿಯಲ್ಲಿ ನನ್ನ ಹತ್ತಿರ ಹತ್ತು ವಾದಗಳಿದ್ದವು. ಆದರೆ ಕೇಳಿದ್ದು ನನ್ನನ್ನಲ್ಲ. ಮಿಮಿಕ್ರಿ ಮಾಡುವವನಿಗೆ ಇರುವ ಒಂದೇ ನಿಯತ್ತು ಅದು: ಯಾರ ದನಿ ತೆಗೆಯುತ್ತೇವೋ ಅವರು ಹೇಳಲಾರದ್ದನ್ನು ಅವರ ಬಾಯಲ್ಲಿ ಹೇಳಿಸಬಾರದು. ಅಜ್ಜಿ ಏನು ಹೇಳುತ್ತಿದ್ದಳು ಎಂಬುದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. "ಏ ಪೋಕ್ರಿ, ಓದಿದ್ದು ಅವರಾ, ನೀನಾ? ಹೇಳಿದಷ್ಟು ತಿನ್ನು. ನನ್ನ ದನಿ ಹೋದ್ರೆ ಹೋಗ್ಲಿ, ನಾನು ಹೋಗಿ ಆಯ್ತಲ್ಲ" ಎಂದಳು. ಕೊನೆಯ ಮಾತು ನಾನು ಯೋಚಿಸಿ ಆಡಿದ್ದಲ್ಲ. ಅಪ್ಪ "ಹ್ಞೂಂ ಅಮ್ಮ" ಎಂದರು. ಬೇರೆ ದಾರಿ ಇಲ್ಲದೆ ನಾನೂ "ಹ್ಞೂಂ" ಎಂದೆ.

ಊರಿನವರನ್ನೆಲ್ಲ ಅವರದೇ ದನಿಯಲ್ಲಿ ಸಿಕ್ಕಿಸಿ ಹಾಕಿದವನು ಕೊನೆಗೆ ಸಿಕ್ಕಿಬಿದ್ದದ್ದು ಹೀಗೆ. ಈಗ ಕಡಿಮೆ ಡೋಸಿನ ಮೂರನೇ ವಾರ. ದಿನಾ ಬೆಳಗ್ಗೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಜ್ಜಿ ಇದ್ದಾಳಾ ಎಂದು ಮೆಲ್ಲಗೆ ನೋಡಿಕೊಳ್ಳುತ್ತೇನೆ. ಮೊನ್ನೆ "ಶೀತ" ಎಂಬಲ್ಲಿ ದನಿ ಸ್ವಲ್ಪ ಒಡೆಯಿತು, ಡೋಸಿಗೋ, ಭಯಕ್ಕೋ ಗೊತ್ತಾಗಲಿಲ್ಲ. ಅಪ್ಪನಿಗೆ ನಾನೇನೂ ಹೇಳಿಲ್ಲ. ಆದರೆ ಅವರು ಈಗ ಭಾನುವಾರವಲ್ಲದೆ ಬುಧವಾರವೂ, ಶುಕ್ರವಾರವೂ ಕ್ಯಾಂಟೀನಿಗೆ ಹೊರಡುವ ಮೊದಲು ತಲೆಗೆ ನೀರು ಹಾಕಿಕೊಳ್ಳತೊಡಗಿದ್ದಾರೆ. ಬಾಗಿಲಲ್ಲಿ ಬೋಳು ತಲೆಯಿಂದ ನೀರು ತೊಟ್ಟಿಕ್ಕಿಸಿಕೊಂಡು ನಿಲ್ಲುತ್ತಾರೆ. ನಾನು ಅಡುಗೆಮನೆಯಲ್ಲಿ ಗಂಟಲು ಸರಿಮಾಡಿಕೊಳ್ಳುತ್ತೇನೆ. ಕಾಫಿಗೆ ಇನ್ನೂ ಇಪ್ಪತ್ತು ನಿಮಿಷ ಇರುತ್ತದೆ.