ಹೆಣ್ಣು ನೋಡಲು ಬಂದವರೂ ನನ್ನ ಡ್ರ್ಯಾಗನ್ನೂ

ನಲವತ್ತಾರು ವರ್ಷ ಬದುಕಿ, ಅದರಲ್ಲಿ ಇಪ್ಪತ್ತು ವರ್ಷ ಭಾರತೀನಗರದ ಆಫೀಸೊಂದರಲ್ಲಿ ಹಾಜರಿ ಪುಸ್ತಕಕ್ಕೆ ಗೆರೆ ಎಳೆದದ್ದೇ ನನ್ನ ಒಟ್ಟು ಕಲಾಸೇವೆ! ಇನ್ನು ಸಾಕು, ಜಗತ್ತೇ ಬೆಚ್ಚಿಬೀಳುವಂಥ ಚಿತ್ರವೊಂದನ್ನು ಬರೆದೇ ತೀರುತ್ತೇನೆ ಎಂದು ಆ ಶನಿವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಪಣ ತೊಟ್ಟೆ. ಜಗತ್ತಿನ ಮಾತು ಹಾಗಿರಲಿ, ಮಳವಳ್ಳಿಯವರು ಬೆಚ್ಚಿಬಿದ್ದದ್ದಂತೂ ನಿಜ.

ಅದಕ್ಕೆ ಮೊದಲು ನಾನು ಕುಂಚ ಹಿಡಿದೇ ಇರಲಿಲ್ಲ ಎಂದಲ್ಲ. ಒಮ್ಮೆ ನಮ್ಮ ಹಸುವನ್ನೇ ಎದುರಿಗೆ ಕಟ್ಟಿಕೊಂಡು ಬರೆದೆ. ಹೆಂಡತಿ ನಯನ ನೋಡಿ, "ಯಾಕ್ರೀ, ನಾಯಿಗೆ ಕೊಂಬು ಇಕ್ಕಿದ್ದೀರಾ?" ಅಂದಳು. ಪಕ್ಕದ ಮನೆಯ ಕರಿಯಪ್ಪನನ್ನು ಬರೆದೆ. ಕರಿಯಪ್ಪ ಇವತ್ತಿಗೂ ನನ್ನೊಡನೆ ಮಾತು ಬಿಟ್ಟಿದ್ದಾನೆ. ಹೀಗೆ ನೊಂದಿದ್ದ ನನಗೆ ಮೊಬೈಲಿನಲ್ಲಿ ಚಿತ್ರ ಹೇಳಿಕೊಡುವ ಮೇಷ್ಟ್ರೊಬ್ಬರು ಸಿಕ್ಕಿ, "ಹೊಸಬರು ಡ್ರ್ಯಾಗನ್ ಬರೆಯಿರಿ" ಅಂದರು. ಎಂಥ ಮಾತು! ಹಸುವನ್ನು ಎಲ್ಲರೂ ನೋಡಿದ್ದಾರೆ, ಕರಿಯಪ್ಪನನ್ನೂ ನೋಡಿದ್ದಾರೆ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕು ಜಾಲಾಡಿದರೂ ಡ್ರ್ಯಾಗನ್ ನೋಡಿದವನು ಒಬ್ಬ ಸಿಕ್ಕುವುದಿಲ್ಲ. ಕಾಲು ಸೊಟ್ಟಗಿದೆ ಎನ್ನುವ ಹಕ್ಕು ಯಾರಿಗಿದೆ?

ಮಾರನೆಯ ದಿನ ನಾದಿನಿ ರಂಜಿತಳನ್ನು ನೋಡಲು ಮಳವಳ್ಳಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಅತ್ತೆ ಮಾವ ತೀರಿಕೊಂಡ ಮೇಲೆ ಅವಳು ಹನಕೆರೆಯ ನಮ್ಮ ಮನೆಯಲ್ಲೇ ಇದ್ದು, ರೈಲಿನಲ್ಲಿ ಮಂಡ್ಯಕ್ಕೆ ಕೆಲಸಕ್ಕೆ ಹೋಗಿಬರುತ್ತಾಳೆ. ಅದಾಗಲೇ ಎರಡು ಕಡೆಯವರು ಬಂದು ಕೇಸರಿಬಾತು ತಿಂದು ಹೋಗಿದ್ದರು. ಮತ್ತೆ ಫೋನು ಮಾಡಿರಲಿಲ್ಲ. ಈ ಸಲವೂ ತಪ್ಪಿದರೆ ಎಂಬ ಕೊರಗಿನಲ್ಲಿ ನಯನ ವಾರದಿಂದ ಸರಿಯಾಗಿ ಉಂಡಿರಲಿಲ್ಲ. ಸೀರೆ ತರಲು ಅಕ್ಕ ತಂಗಿ ಮಂಡ್ಯಕ್ಕೆ ಹೊರಟಾಗ ನನ್ನ ಕೈಯಲ್ಲಿದ್ದ ಕುಂಚ ನಯನಳ ಕಣ್ಣಿಗೆ ಬಿತ್ತು.

"ಗೋಡೆ ಗೀಡೆ ಮುಟ್ಟುದ್ರೆ ನೋಡಿ ಮತ್ತೆ!"

"ಗೋಡೆ ಮುಟ್ಟಕಿಲ್ಲ ಕಣೇ, ನಿನ್ನಾಣೆ!"

ಆಣೆಗೆ ನಾನು ತಪ್ಪಲಿಲ್ಲ. ಬರೆದದ್ದು ಅಂಗಳದ ಸಿಮೆಂಟಿನ ಮೇಲೆ! ಗೇಟಿಗೆ ಬಳಿದು ಉಳಿದಿದ್ದ ಹಸಿರು, ಕೆಂಪು ಪೇಂಟು ಹೇಗೂ ಇತ್ತು. ಗೇಟಿನ ಬಳಿ ಬಾಲದ ತುದಿಯಿಂದ ಶುರು ಮಾಡಿದವನು ಬಾಗಿಲ ಮೆಟ್ಟಿಲು ಅಡ್ಡ ಬಂದಿದ್ದರಿಂದ ತಲೆ ಬರೆದು ನಿಲ್ಲಿಸಿದೆ. ಇಪ್ಪತ್ತು ಅಡಿ! ನಾಲ್ಕು ಕಾಲು, ಎರಡು ರೆಕ್ಕೆ, ಬಾಯಿಂದ ಹೊಸ್ತಿಲ ಕಡೆಗೆ ಬೆಂಕಿ. ಒಂದು ರೆಕ್ಕೆ ಜಾಗ ಸಾಲದೆ ತುಳಸಿಕಟ್ಟೆ ಸುತ್ತಿ ಹೋಯಿತು.

ಸಂಜೆ ನಯನ ಗೇಟಿನಲ್ಲೇ ನಿಂತಳು.

"ಏನ್ರೀ ಇದು?"

"ಡ್ರ್ಯಾಗನ್."

"ಅಳಿಸಿ."

"ಆಯಿಲ್ ಪೇಂಟು ಕಣೇ, ಹತ್ತು ವರ್ಸ ಮಾಸಕಿಲ್ಲ!" ಎಂದು ಹೆಮ್ಮೆಯಿಂದಲೇ ಹೇಳಿಬಿಟ್ಟೆ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸೀರೆಯ ಕವರು ಹಿಡಿದುಕೊಂಡೇ ಅತ್ತುಬಿಟ್ಟಳು. ಆಗ ನನಗೆ ನಿಜವಾಗಿ ಭಯವಾಯಿತು. ಥಿನ್ನರ್ ಸುರಿದು ಉಜ್ಜಿದೆ. ಬಣ್ಣ ಹೋಗಲಿಲ್ಲ, ಹರಡಿತು. ಡ್ರ್ಯಾಗನ್ ಹೊಟ್ಟೆ ತುಂಬ ಉಂಡಂತೆ ದಪ್ಪವಾಯಿತು!

ಭಾನುವಾರ ಬೆಳಗಾಗುತ್ತಲೇ ಮನೆಯಲ್ಲಿದ್ದ ಚಾಪೆ, ಜಮಖಾನ ಎಲ್ಲ ತಂದು ಹಾಸಿದೆವು. ಹನ್ನೊಂದಕ್ಕೆ ಬರುತ್ತೇವೆ ಎಂದಿದ್ದವರು ಹತ್ತಕ್ಕೇ ಬಂದರು. ಗಂಡು ಸ್ವಾಮಿ, ಅವನ ಅಪ್ಪ ಅಮ್ಮ, ಎಲ್ಲರಿಗಿಂತ ಮುಂದೆ ಅಜ್ಜಿ ಚಿಕ್ಕಬೋರಮ್ಮ. ಗೇಟು ತೆರೆದು ಒಂದು ಕಾಲು ಎತ್ತಿದ ಅಜ್ಜಿ ಹಾಗೇ ನಿಂತರು. ಚಾಪೆಯಡಿಯಿಂದ ಒಂದು ಮೊಳ ಹಸಿರು ಬಾಲ ಇಣುಕುತ್ತಿತ್ತು.

"ಅಯ್ಯೋ ಸಿವ್ನೆ! ಚಾಪೆ ಕೆಳ್ಗೆ ನಾಗಪ್ಪ ಅವ್ನೆ!"

"ಅದು ಬರೀ ಚಿತ್ರ ಕಣಜ್ಜಿ," ಅಂದೆ.

"ಬರ್ದುದ್ರೂ ನಾಗಪ್ಪ ನಾಗಪ್ಪನೇ. ಅವ್ನ ತುಳ್ಕಂಡು ಸುಭಕಾರ್ಯಕ್ಕೆ ಬರಾಕಾಯ್ತದಾ?"

ಸುಮ್ಮನಿದ್ದಿದ್ದರೆ ನಾನು ನಾನಾಗುತ್ತಿರಲಿಲ್ಲ. ಚಾಪೆ ಎತ್ತಿ ತೋರಿಸಿದೆ.

"ಹಾವಲ್ಲ ಕಣಜ್ಜಿ, ನೋಡಿ, ಕಾಲು ಅವೆ!"

"ಕಾಲು ಬೇರೆ ಬಂದವಾ?"

"ರೆಕ್ಕೆನೂ ಅವೆ. ಬಾಯಲ್ಲಿ ಬೆಂಕಿ ಉಗುಳ್ತದೆ!"

"ಹೊಸ್ಲು ಮುಂದ್ಕೆ ಬೆಂಕಿ ಉಗುಳಾದ್ನ ಬರ್ದು ಹೆಣ್ಣು ತೋರುಸ್ತೀರಾ? ನಡೀಲಾ ಸ್ವಾಮಿ, ಕಾರು ತಿರುಗ್ಸು!"

ನಯನಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಮೂರನೇ ಸಂಬಂಧ ಕೇಸರಿಬಾತು ಕೂಡ ತಿನ್ನದೆ ಹೊರಟಿತ್ತು! ಆದರೆ ಸ್ವಾಮಿ, "ಇಷ್ಟು ದೂರ ಬಂದಿದ್ದೀವಿ, ನೀರಾದ್ರೂ ಕುಡ್ಕಂಡು ಓಗಾನ ಬಾರಜ್ಜಿ," ಅಂದ. ನಯನ ಅಷ್ಟನ್ನೇ ಹಿಡಿದುಕೊಂಡು, "ಹಿತ್ಲು ಕಡೆಯಿಂದ ಬನ್ನಿ ಅಜ್ಜಿ, ಅಲ್ಲೇನೂ ಬರ್ದಿಲ್ಲ," ಎಂದು ಕರೆದಳು.

ಹಿತ್ತಲಿನಲ್ಲಿ ರಂಜಿತ ಇದ್ದಳು. ಹೊಸ ಸೀರೆಯಲ್ಲಲ್ಲ, ಹಳೇ ನೈಟಿಯ ಮೇಲೆ ಟವೆಲ್ಲು, ಕೈಯಲ್ಲಿ ಕರುವಿನ ಹಗ್ಗ. ಹಗ್ಗ ಕಿತ್ತುಕೊಂಡು ಓಡಾಡುತ್ತಿದ್ದ ಕರುವನ್ನು ಎಳೆಯುತ್ತಾ, "ಬಾರ್ಲಾ ಇತ್ಲಾಗೆ! ಇವತ್ತೇ ಆಗ್ಬೇಕಾಗಿತ್ತಾ ನಿನ್ನ ದೊಂಬರಾಟ?" ಎಂದು ಗದರುತ್ತಿದ್ದಳು. ಕರು ಸೀದಾ ಬೀಗರಾಗುವವರ ಕಡೆಗೇ ನುಗ್ಗಿತು. ಸ್ವಾಮಿ ಹಾರಿ ಅದರ ಕತ್ತು ಹಿಡಿದ, ಹಿಡಿದವನೇ ಸಗಣಿ ಮೇಲೆ ಜಾರಿ ಕೂತ.

ರಂಜಿತ ಜೋರಾಗಿ ನಕ್ಕುಬಿಟ್ಟಳು. ನಯನ ಕಣ್ಣು ಮುಚ್ಚಿಕೊಂಡಳು. ನೋಡಿದರೆ ಸ್ವಾಮಿಯೂ ನಗುತ್ತಿದ್ದಾನೆ, ಕರುವನ್ನು ಮಾತ್ರ ಬಿಟ್ಟಿಲ್ಲ! ರಂಜಿತ ಚೊಂಬಿನಲ್ಲಿ ನೀರು ತಂದು ಅವನ ಕೈಗೆ ಹುಯ್ದಳು. ತೊಳೆಯುವುದು ಐದು ನಿಮಿಷದ ಕೆಲಸ, ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಚಿಕ್ಕಬೋರಮ್ಮ ಜಗಲಿಯ ಮೇಲೆ ಕೂತು ಎಲ್ಲ ನೋಡಿ, "ಕರ ಇಡ್ಕಳಾಕೆ ಬತ್ತದೆ, ಬಾಯಿ ಬುಟ್ಟು ನಗಾಕೆ ಬತ್ತದೆ. ನಮ್ಗೆ ಇಂಥ ಹೆಣ್ಣೇ ಬೇಕು," ಎಂದುಬಿಟ್ಟರು. ನನ್ನ ಎದೆ ಮೇಲಿಂದ ಒಂದು ಗಾಡಿ ಕಬ್ಬು ಇಳಿಸಿದಂತಾಯಿತು. ನಯನ ಒಳಗೆ ಹೋಗಿ ವಾರದ ಹಸಿವೆಲ್ಲ ತೀರುವಂತೆ ಒಂದು ತಟ್ಟೆ ಕೇಸರಿಬಾತು ತಿಂದಳು.

ಎಲ್ಲ ನನ್ನ ಕಲೆಯ ಕೃಪೆ ತಾನೆ? ಮುಂಬಾಗಿಲಿನಿಂದ ಬಂದಿದ್ದರೆ ಇದೆಲ್ಲ ಆಗುತ್ತಿತ್ತೆ? ಯಾರಾದರೂ ಅದನ್ನು ಹೇಳುತ್ತಾರೇನೋ ಎಂದು ಬಾಗಿಲ ಮರೆಯಲ್ಲಿ ಕಿವಿಗೊಟ್ಟು ನಿಂತೆ. ಆಗಲೇ ಚಿಕ್ಕಬೋರಮ್ಮ ನಯನಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು.

"ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ ಕಣಮ್ಮ. ಆ ಚಿತ್ರ ಬರ್ದೋರು ನಿನ್ಗೆ ಸೋದರಮಾವನಾ, ಅತ್ತೆ ಮಗನಾ? ಹುಡ್ಗಿಗೆ ರಕ್ತಸಂಬಂಧ ಏನಾರ ಆಗ್ಬೇಕಾ?"

"ದೇವ್ರಾಣೆ ಇಲ್ಲ ಕಣಜ್ಜಿ! ನಮ್ದು ಹೊರ್ಗಿನ ಸಂಬಂಧ. ನಮ್ಮ ಕಡೆ ಯಾರ್ಗೂ ಆ ಥರ ಇಲ್ಲ."

ಅಜ್ಜಿ ದೊಡ್ಡದೊಂದು ಉಸಿರು ಬಿಟ್ಟರು.

"ಹಂಗಾರೆ ಸರಿ ಬುಡು. ಒಳ್ಳೆ ದಿನ ನೋಡ್ಸಾನ."